ಹುಡುಗರ ಶಾಲೆಯಲ್ಲಿ ಐದು ನಿಮಿಷದ ಮೌನ: ಅದನ್ನು ಯಾವ ಭಾಷೆಯಲ್ಲಿ ಕೇಳಬೇಕು?

ಕನ್ನಡ ಮಾಸ್ತರ

ನಾನು ಬೆಳಗಾವಿ ಜಿಲ್ಲೆಯ ಕ್ಯಾಥೊಲಿಕ್ ಬಾಲಕರ ಪ್ರೌಢಶಾಲೆಯೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ಸ್ವತಃ ಕ್ರೈಸ್ತನಲ್ಲ. ಬೆಳಿಗ್ಗೆ ಮನೆಯಲ್ಲಿ ಲಿಂಗಪೂಜೆ ಮುಗಿಸಿ ಬಂದು, ಶಾಲೆಯ ಅಂಗಳದಲ್ಲಿ ಹುಡುಗರ ಸಾಲಿನ ಹಿಂದೆ ಕೈಕಟ್ಟಿ ನಿಂತು ಅವರ ಪ್ರಾರ್ಥನೆ ಕೇಳುತ್ತೇನೆ. ಎರಡರ ನಡುವೆ ಜಗಳ ಹಚ್ಚುವ ಅಗತ್ಯ ನನಗೆ ಈವರೆಗೆ ಬಿದ್ದಿಲ್ಲ. ಶಾಲೆಯ ಹೆಸರು ಬರೆಯುವುದಿಲ್ಲ, ಏಕೆಂದರೆ ಕೆಳಗೆ ಹೇಳಲಿರುವ ತಪ್ಪು ಶಾಲೆಯದಲ್ಲ, ನನ್ನದು.

ಈ ಜೂನ್‌ನಲ್ಲಿ ನಮ್ಮ ಮುಖ್ಯಗುರುಗಳಾದ ಫಾದರ್ ಹುಡುಗರ ಮನೋಕ್ಷೇಮ ನೋಡಿಕೊಳ್ಳಲೆಂದು ಐದು ಜನರ ಸಮಿತಿ ಮಾಡಿ ನನ್ನನ್ನೂ ಸೇರಿಸಿಕೊಂಡರು. ನಾವು ಮೊದಲು ಕೈಗೆತ್ತಿಕೊಂಡದ್ದು ಕೊನೆಯ ಪೀರಿಯಡ್‌ನಲ್ಲಿ ಐದು ನಿಮಿಷದ ಆತ್ಮಶೋಧನೆಯನ್ನು. ಯೇಸುಸಭೆ ಎಂಬ ಕ್ಯಾಥೊಲಿಕ್ ಸನ್ಯಾಸಿಗಳ ಸಂಘದ ಸ್ಥಾಪಕರಾದ ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿಹೋದ ರೂಢಿ ಅದು: ಕೃತಜ್ಞತೆ ಹೇಳುವುದು, ಬೆಳಕು ಬೇಡುವುದು, ಬೆಳಗಿನಿಂದ ನಡೆದದ್ದನ್ನು ತಾಸು ತಾಸಾಗಿ ನೆನೆಯುವುದು, ತಪ್ಪಿಗೆ ಕ್ಷಮೆ ಕೇಳುವುದು, ನಾಳೆಗೆ ಒಂದು ನಿಶ್ಚಯ ಮಾಡುವುದು. ನನ್ನ ಒಂಬತ್ತನೆಯ ತರಗತಿಯಲ್ಲಿ 52 ಹುಡುಗರಿದ್ದಾರೆ, ಅವರಲ್ಲಿ ಕ್ಯಾಥೊಲಿಕರು 11. ಎಲ್ಲರಿಗೂ ನೂರು ಪುಟದ ಒಂದೊಂದು ನೋಟ್‌ಬುಕ್ ಕೊಟ್ಟೆವು. ಮೂರು ವಾರ ಅವರು ಬರೆದದ್ದೆಲ್ಲ ಇಂಗ್ಲಿಷಿನಲ್ಲಿ, ಅದೂ ರಜಾ ಚೀಟಿಯ ಧಾಟಿಯಲ್ಲಿ: ಇಂದು ನಾನು ಒಳ್ಳೆಯವನಾಗಿದ್ದೆ, ನಾಳೆ ಇನ್ನೂ ಚೆನ್ನಾಗಿ ಓದುತ್ತೇನೆ. ಐವತ್ತೆರಡು ಹುಡುಗರೂ ಒಂದೇ ದಿನ ಅಷ್ಟು ಒಳ್ಳೆಯವರಾಗಿದ್ದರೆ ಶಾಲೆಯ ಶೌಚಾಲಯದ ಬಾಗಿಲಿನ ಮೇಲೆ ನನ್ನ ಚಿತ್ರ ಬರೆದವರು ಯಾರು?

ನಾಲ್ಕನೆಯ ವಾರ ನಾನು ಯಾವ ಭಾಷೆಯಲ್ಲಾದರೂ ಬರೆಯಿರಿ ಎಂದೆ. ಆ ದಿನ ಪೆನ್ನುಗಳು ಬೇರೆ ರೀತಿಯಲ್ಲಿ ಓಡಿದವು. ಮರಾಠಿ, ಕನ್ನಡ, ಕೊಂಕಣಿ, ಉರ್ದು ಎಲ್ಲ ಬಂದವು. ಕೊಂಕಣಿಯನ್ನು ಒಬ್ಬ ಕನ್ನಡ ಲಿಪಿಯಲ್ಲಿ, ಅವನ ಪಕ್ಕದವ ರೋಮನ್ ಲಿಪಿಯಲ್ಲಿ ಬರೆದಿದ್ದ. ಮೂರನೆಯ ಬೆಂಚಿನ ಒಬ್ಬ ಹುಡುಗ ನಾಲ್ಕು ದಿನಗಳಿಂದ ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ, ಹೊಟ್ಟೆನೋವು ಎನ್ನುತ್ತಿದ್ದ. ಅವನು ಮರಾಠಿಯಲ್ಲಿ ಒಂದೇ ಸಾಲು ಬರೆದಿದ್ದ. ಅಪ್ಪ ಭಾನುವಾರದಿಂದ ಮನೆಗೆ ಬಂದಿಲ್ಲ, ಡಬ್ಬಿಯನ್ನು ಪಕ್ಕದ ಮನೆಯವರು ಕಟ್ಟುತ್ತಿದ್ದಾರೆ ಎಂದು ಅದರ ಅರ್ಥ. ಅನ್ನ ಹಳಸಿರಲಿಲ್ಲ, ಹೊಟ್ಟೆ ನೋಯುತ್ತಿರಲಿಲ್ಲ, ಅದು ಅವನ ಮನೆಯ ಅನ್ನವಾಗಿರಲಿಲ್ಲ, ಅಷ್ಟೇ.

ನನ್ನ ತಪ್ಪು ಇಲ್ಲಿಂದ ಶುರು. ಸಹಾಯ ಮಾಡಬೇಕೆಂಬ ಆತುರದಲ್ಲಿ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ಅದನ್ನು ಹೇಳಿಬಿಟ್ಟೆ. ಮರುದಿನ ಇಬ್ಬರು ಶಿಕ್ಷಕರು ಅವನ ತಲೆ ಸವರಿ ಸಮಾಧಾನ ಹೇಳಿದರು. ಅಂದಿನಿಂದ ಅವನ ಪುಟ ಖಾಲಿ. ಒಂದು ವಾರದಲ್ಲಿ ಉಳಿದವರೂ ಇಂಗ್ಲಿಷಿಗೆ, ಒಳ್ಳೆಯತನಕ್ಕೆ ಮರಳಿದರು.

ಈಗ ನಾನು ಕೇಳಬೇಕಾದದ್ದು ಇದು. ಆ ಪುಸ್ತಕಗಳನ್ನು ನಾವು ಓದಬೇಕೇ, ಬೇಡವೇ? ಕ್ಯಾಥೊಲಿಕ್ ಸಂಪ್ರದಾಯದ ಒಂದು ಪ್ರಾರ್ಥನೆಯನ್ನು ಎಲ್ಲ ಹುಡುಗರಿಗೂ ಕೊಡುವುದು ನ್ಯಾಯವೇ? ಕೊಟ್ಟರೆ, ಅದರ ಜೀವ ಹೋಗಿ ಬರೀ ನೀತಿಪಾಠವಾಗದಂತೆ ನೋಡಿಕೊಳ್ಳುವುದು ಹೇಗೆ? ಅನುಭವ ಇದ್ದವರು ಬರೆಯಬೇಕೆಂದು ವಿನಂತಿ. ಭಾಷೆಯ ಮಾತು ಬಂದರೆ ನಮ್ಮ ಊರಿನಲ್ಲಿ ಚರ್ಚೆ ಗಡಿಯ ಕಡೆಗೆ ಓಡುತ್ತದೆ. ದಯವಿಟ್ಟು ಇಲ್ಲಿ ಹಾಗಾಗದಿರಲಿ.

ಖಾನಾಪುರದ ತಾಯಿ

ಮಾಸ್ತರರೇ, ನಿಮ್ಮ ತಪ್ಪನ್ನು ನೀವೇ ಬರೆದದ್ದರಿಂದ ನನಗೂ ಬರೆಯಲು ಧೈರ್ಯ ಬಂದಿದೆ. ನನ್ನ ಮಗ ಬೇರೆ ಶಾಲೆಯಲ್ಲಿದ್ದಾನೆ, ಅದೂ ಕ್ಯಾಥೊಲಿಕ್ ಬಾಲಕರ ಶಾಲೆಯೇ. ದಿನವೂ ಖಾನಾಪುರದಿಂದ ಬೆಳಗಾವಿಗೆ ಬಸ್ಸಿನಲ್ಲಿ ಹೋಗಿಬರುತ್ತಾನೆ. ನಾವು ಅವನನ್ನು ಅಲ್ಲಿಗೆ ಕಳುಹಿಸಿದ್ದು ಇಂಗ್ಲಿಷಿಗಾಗಿ ಮಾತ್ರವಲ್ಲ, ವಿಶ್ವಾಸದಲ್ಲಿ ಬೆಳೆಯಲಿ ಎಂದು. ಆದರೆ ಎಲ್ಲರನ್ನೂ ಒಳಗೊಳ್ಳಬೇಕೆಂಬ ಹಂಬಲದಲ್ಲಿ ಶಾಲೆ ತನ್ನ ಮಕ್ಕಳಿಗೇ ಏನನ್ನೂ ಕೊಡದಂತಾಗಿದೆ. ಧರ್ಮೋಪದೇಶದ ಪೀರಿಯಡ್ ವಾರಕ್ಕೆ ಒಂದು. ಹತ್ತನೆಯ ತರಗತಿಗೆ ಬಂದಾಗ ಅದನ್ನೂ ಗಣಿತಕ್ಕೆ ತೆಗೆದುಕೊಂಡರು.

ಕಳೆದ ಮಳೆಗಾಲದಲ್ಲಿ ನನ್ನ ಅತ್ತೆ ಹಾಸಿಗೆ ಹಿಡಿದರು. ಒಂದು ಸಂಜೆ ಜಪಮಾಲೆ ಹಿಡಿದು ಮೊಮ್ಮಗನನ್ನು ಕರೆದು, ನಮಾನ್ ಮೋರಿಯೆ ಹೇಳಪ್ಪ ಎಂದರು, ಎಂದರೆ ಮರಿಯಮ್ಮನಿಗೆ ವಂದಿಸುವ ನಮ್ಮ ಕೊಂಕಣಿ ಪ್ರಾರ್ಥನೆ. ಅವನು ಇಂಗ್ಲಿಷಿನಲ್ಲಿ ಶುರುಮಾಡಿದ. ತಡವರಿಸದೆ, ಶಾಲೆಯ ಸಭೆಯಲ್ಲಿ ಹೇಳುವಷ್ಟೇ ಸ್ಪಷ್ಟವಾಗಿ ಹೇಳಿದ. ಅತ್ತೆ ಮಣಿಯನ್ನು ಬೆರಳಲ್ಲಿ ಹಿಡಿದುಕೊಂಡೇ ಅವನ ಮುಖ ನೋಡಿದರು. ಆಮೇಲೆ ತಾವೇ ಮೆಲ್ಲಗೆ ಕೊಂಕಣಿಯಲ್ಲಿ ಹೇಳಿಕೊಂಡರು. ಹುಡುಗ ಎದ್ದು ಹೊರಗೆ ಹೋದ. ಅಂದಿನಿಂದ ಅವನು ನಮ್ಮೊಡನೆ ಜಪಮಾಲೆಗೆ ಕುಳಿತುಕೊಳ್ಳುವುದಿಲ್ಲ. ವಿಶ್ವಾಸ ಕಳೆದುಕೊಂಡಿದ್ದಾನೆಂದು ಅವನ ಅಪ್ಪ ಸಿಟ್ಟಾಗುತ್ತಾರೆ. ಅವನು ಕಳೆದುಕೊಂಡದ್ದು ವಿಶ್ವಾಸವಲ್ಲ, ಅಜ್ಜಿಯೊಡನೆ ಪ್ರಾರ್ಥಿಸುವ ಮಾತು ಎಂದು ನನಗೆ ಅನಿಸುತ್ತದೆ. ಮಾಸ್ತರರ ಹುಡುಗರು ಮನೆಮಾತಿನಲ್ಲಿ ಬರೆದರು ಎಂದು ಓದಿದಾಗ ಅದು ಇನ್ನೂ ಗಟ್ಟಿಯಾಯಿತು.

ಶಹಾಪುರದ ತಂದೆ

ನಾನು ಬಟ್ಟೆ ವ್ಯಾಪಾರಿ, ಹಿಂದೂ. ನನ್ನ ಇಬ್ಬರು ಮಕ್ಕಳೂ ಇಂಥದೇ ಶಾಲೆಯಲ್ಲಿ ಓದಿದ್ದಾರೆ. ಅಲ್ಲಿಯ ಪ್ರಾರ್ಥನೆಯ ಬಗ್ಗೆ ನನಗೆ ಆಕ್ಷೇಪವಿಲ್ಲ, ಆದರೆ ಮಾಸ್ತರರ ಎರಡನೆಯ ಪ್ರಶ್ನೆಗೆ ಸಂವಿಧಾನದಲ್ಲಿ ಉತ್ತರವಿದೆ. 30ನೆಯ ವಿಧಿಯಂತೆ ಅಲ್ಪಸಂಖ್ಯಾತರಿಗೆ ತಮ್ಮ ಆಯ್ಕೆಯ ಶಿಕ್ಷಣ ಸಂಸ್ಥೆಗಳನ್ನು ಕಟ್ಟಿ ನಡೆಸುವ ಹಕ್ಕಿದೆ. ಅದರ ಜೊತೆಗೆ 28ನೆಯ ವಿಧಿಯ ಮೂರನೆಯ ಖಂಡವನ್ನೂ ಓದಬೇಕು: ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ ಅಥವಾ ಪೂಜೆಗೆ ಹಾಜರಾಗಬೇಕಾದರೆ ವಿದ್ಯಾರ್ಥಿಯ ಒಪ್ಪಿಗೆ ಬೇಕು, ಅವನು ಅಪ್ರಾಪ್ತನಾಗಿದ್ದರೆ ಪೋಷಕರ ಒಪ್ಪಿಗೆ ಬೇಕು. ಪ್ರವೇಶದ ಅರ್ಜಿಯ ಹಿಂದಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಸಹಿ ಹಾಕಿಸಿಕೊಂಡರೆ ಅದನ್ನು ನಾನು ಒಪ್ಪಿಗೆ ಎನ್ನಲಾರೆ. ಕರೆದು, ಕೂರಿಸಿ, ಹೀಗೆ ಮಾಡುತ್ತೇವೆ ಎಂದು ಹೇಳಿದರೆ ನೂರಕ್ಕೆ ತೊಂಬತ್ತು ಮಂದಿ ಬೇಡ ಎನ್ನುವುದಿಲ್ಲ.

ನನ್ನ ನಿಜವಾದ ದೂರು ಬೇರೆ. ನನ್ನ ದೊಡ್ಡ ಮಗ ಒಂಬತ್ತನೆಯ ತರಗತಿಯಲ್ಲಿ ತುಂಬ ಕುಗ್ಗಿದ್ದ. ಆಗ ಯಾರೊಡನೆಯಾದರೂ ಮಾತಾಡು ಎಂದೆ. ಫಾದರ್ ಇದ್ದಾರೆ, ಆದರೆ ಅವರು ಚರ್ಚಿನ ಹುಡುಗರಿಗೆ ಎಂದ. ಹಾಗೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹಾಗಲ್ಲ ಎಂದೂ ಯಾರೂ ಹೇಳಿರಲಿಲ್ಲ.

ಹಳೆಯ ವಿದ್ಯಾರ್ಥಿ

ನಾನು ಎಂಬತ್ತರ ದಶಕದಲ್ಲಿ ಇಂಥ ಒಂದು ವಸತಿಶಾಲೆಯಲ್ಲಿ ಓದಿದವನು. ಆಗ ಮನೋಕ್ಷೇಮ ಎಂಬ ಪದ ಇರಲಿಲ್ಲ, ಬೆತ್ತ ಇತ್ತು. ಬೆಳಗಿನ ಪೂಜೆಗೆ ತಡವಾಗಿ ಬಂದರೆ ಅಂಗೈಗೆ ಎರಡು ಏಟು, ಪೂಜೆಯಲ್ಲಿ ನಿದ್ದೆ ಹೋದರೆ ನಾಲ್ಕು. ಪ್ರಾರ್ಥನೆಗೆ ಬೆತ್ತ ಕಾವಲಿದ್ದ ಆ ಐದು ವರ್ಷಗಳಾದ ಮೇಲೆ ನಾನು ಸುಮಾರು ಇಪ್ಪತ್ತು ವರ್ಷ ಚರ್ಚಿನ ಕಡೆ ಹೋಗಲಿಲ್ಲ. ಮರಳಿ ಹೋದದ್ದು ಅಲ್ಲಿಯ ಉಪದೇಶದ ನೆನಪಿನಿಂದಲೂ ಅಲ್ಲ. ಅಡುಗೆಮನೆಯ ಮೇಲ್ವಿಚಾರಣೆ ನೋಡುತ್ತಿದ್ದ ಒಬ್ಬ ಬ್ರದರ್, ಎಂದರೆ ಸನ್ಯಾಸಿ, ಇದ್ದರು. ಊಟದ ಸಾಲಿನಲ್ಲಿ ಸೌಟು ಹಿಡಿದು ನಿಂತು ಪ್ರತಿಯೊಬ್ಬ ಹುಡುಗನನ್ನೂ ಹೆಸರು ಹಿಡಿದು ಕೇಳುತ್ತಿದ್ದರು, ನಿನ್ನೆ ನಿದ್ದೆ ಬಂತೇನೋ ಎಂದು. ಬರಲಿಲ್ಲ ಎಂದರೆ ಏನೂ ಕೇಳದೆ ಇನ್ನೊಂದು ಸೌಟು ಸಾರು ಹಾಕುತ್ತಿದ್ದರು. ರಾತ್ರಿ ಮಲಗುವ ಕೋಣೆಯ ಬಾಗಿಲಲ್ಲಿ ಟಾರ್ಚು ಹಿಡಿದು ಒಂದು ಸುತ್ತು ಹೆಚ್ಚು ಬರುತ್ತಿದ್ದರು. ಅಷ್ಟೇ. ನನಗೆ ದೇವರೆಂದರೆ ಈಗಲೂ ಆ ಟಾರ್ಚಿನ ಬೆಳಕಿನಂತೆ ಕಾಣುತ್ತದೆ. ಇದನ್ನು ಇಂಥ ಚರ್ಚೆಯಲ್ಲಿ ಬರೆಯಬಹುದೋ ಇಲ್ಲವೋ ತಿಳಿಯದು.

ಧರ್ಮಕೇಂದ್ರದ ಗುರು

ನಾನು ಬೆಳಗಾವಿ ಧರ್ಮಪ್ರಾಂತ್ಯದ ಗುರು, ಯೇಸುಸಭೆಗೆ ಸೇರಿದವನಲ್ಲ. ಹಿಂದೆ ಕೆಲವು ವರ್ಷ ಶಾಲೆಯ ಹೊಣೆ ಹೊತ್ತಿದ್ದೆ. ಇಗ್ನೇಷಿಯಸರ ಹೆಸರು ಬಂದದ್ದರಿಂದ ಅವರ ಬದುಕಿನ ಒಂದು ಪ್ರಸಂಗವನ್ನು ಹೇಳಬೇಕು. ನಮ್ಮ ಶಾಲೆಗಳಲ್ಲಿ ಪ್ರತಿ ಜುಲೈ 31ರಂದು ಅವರ ಹಬ್ಬ ಮಾಡುತ್ತೇವೆ, 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕೋಟೆಯಲ್ಲಿ ಫಿರಂಗಿ ಗುಂಡು ಕಾಲಿಗೆ ಬಡಿದದ್ದನ್ನು ನಾಟಕ ಮಾಡಿ ತೋರಿಸುತ್ತೇವೆ. ಅದರ ಮುಂದಿನ ವರ್ಷ ಮನ್ರೇಸಾ ಎಂಬ ಊರಿನಲ್ಲಿ ಅವರಿಗೆ ಆದದ್ದನ್ನು ಯಾರೂ ನಾಟಕ ಮಾಡುವುದಿಲ್ಲ. ಗುರುವಿನ ಎದುರು ಒಮ್ಮೆ ಹೇಳಿದ ಪಾಪವನ್ನೇ ಮತ್ತೆ ಮತ್ತೆ ನಿವೇದಿಸಿದರೂ ಅವರಿಗೆ ಸಮಾಧಾನ ಸಿಗಲಿಲ್ಲ. ತಂಗಿದ್ದ ಕೋಣೆಯಲ್ಲಿದ್ದ ಒಂದು ದೊಡ್ಡ ಕಂಡಿಯ ಬಳಿ ನಿಂತು ಅದರೊಳಗೆ ಹಾರಿ ಪ್ರಾಣ ಬಿಡಬೇಕೆಂಬ ಸೆಳೆತ ಅವರಿಗೆ ಎಷ್ಟೋ ಸಲ ಬಂದಿತ್ತು. ದೇವರು ಶಾಂತಿ ಕೊಡುವವರೆಗೆ ಉಣ್ಣುವುದಿಲ್ಲವೆಂದು ಭಾನುವಾರದಿಂದ ಭಾನುವಾರದವರೆಗೆ ಉಪವಾಸ ಕುಳಿತರು. ಇದನ್ನೆಲ್ಲ ಮುಂದೆ ಅವರೇ ಸಂಗಡಿಗರೊಬ್ಬರಿಗೆ ಹೇಳಿ ಬರೆಸಿದ್ದಾರೆ. ಪಾಪನಿವೇದನೆ ಕೇಳುತ್ತಿದ್ದ ಗುರು ಅವರಿಗೆ ಇನ್ನಷ್ಟು ಪ್ರಾರ್ಥಿಸು ಎನ್ನಲಿಲ್ಲ, ಉಪವಾಸ ಬಿಡು ಎಂದು ಅಪ್ಪಣೆ ಮಾಡಿದರು. ಅವರು ಉಂಡರು.

ಕುಗ್ಗಿದ ಹುಡುಗನಿಗೆ ನಿನ್ನ ವಿಶ್ವಾಸ ಸಾಲದು ಎನ್ನುವವರು ಈ ಪ್ರಸಂಗವನ್ನು ಓದಬೇಕು. ಈ ಆತ್ಮಶೋಧನೆಯನ್ನು ಕಲಿಸಿದವರೇ ಮಿತಿಮೀರಿದ ಆತ್ಮಶೋಧನೆಯಿಂದ ಸಾವಿನ ಅಂಚಿಗೆ ಹೋಗಿದ್ದವರು. ಆದ್ದರಿಂದ ಮಾಸ್ತರರೇ, ಅದರ ಮೊದಲ ಹೆಜ್ಜೆ ಕೃತಜ್ಞತೆ ಎಂಬುದನ್ನು ಬಿಡಬೇಡಿ. ತಪ್ಪಿನ ಲೆಕ್ಕದಿಂದ ಶುರುಮಾಡಿದರೆ ಸೂಕ್ಷ್ಮ ಮನಸ್ಸಿನ ಹುಡುಗ ತನ್ನನ್ನೇ ತಾನು ಕೊರೆದುಕೊಳ್ಳುತ್ತಾನೆ.

ಶಹಾಪುರದ ತಂದೆಯವರಿಗೆ: ನೀವು ಹೇಳಿದ್ದನ್ನು ನಮ್ಮ ಕ್ಯಾಥೊಲಿಕ್ ಧರ್ಮಸಭೆಯೂ ತನ್ನ ಮಾತಿನಲ್ಲಿ ಹೇಳಿದೆ. ಬಿಷಪ್ಪರು ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಂತೆ ವಿಶ್ವಾಸದ ವಿಷಯದಲ್ಲಿ ಯಾರನ್ನೂ ಒತ್ತಾಯಿಸುವಂತಿಲ್ಲ. ನಿಮ್ಮ ಮಗನಿಗೆ ಬಾಗಿಲು ತೆರೆದಿದೆ ಎಂದು ಯಾರೂ ಹೇಳದೆ ಹೋದದ್ದಕ್ಕೆ, ಯಾವ ಶಾಲೆಯೇ ಆಗಿರಲಿ, ಒಬ್ಬ ಗುರುವಾಗಿ ನನಗೆ ನಾಚಿಕೆಯಾಗುತ್ತದೆ.

ಖಾನಾಪುರದ ತಾಯಿಯ ಮಾತು ನನ್ನನ್ನು ಹೆಚ್ಚು ಕಾಡಿತು. ಎಲ್ಲರಿಗೂ ಸಲ್ಲುವ ಮೌನ ಒಂದು, ನಮ್ಮ ಮಕ್ಕಳಿಗೆ ಸಲ್ಲಬೇಕಾದ ಧರ್ಮೋಪದೇಶ ಇನ್ನೊಂದು. ಎರಡನ್ನೂ ಒಂದೇ ಪೀರಿಯಡ್‌ನಲ್ಲಿ ತುಂಬಲು ಹೋದರೆ ಎರಡೂ ಕೆಡುತ್ತವೆ. ಕ್ಯಾಥೊಲಿಕ್ ಹುಡುಗರಿಗೆ ಬೈಬಲ್, ಸಂಸ್ಕಾರಗಳು, ಪೂಜೆ ಇವುಗಳ ಪಾಠ ಬೇರೆಯಾಗಿ, ಪೂರ್ತಿಯಾಗಿ ನಡೆಯಬೇಕು, ಮತ್ತು ಅದನ್ನು ಗಣಿತಕ್ಕೆ ಕೊಡಬಾರದು. ಅಲ್ಲಿ ತಿಂಗಳಿಗೊಮ್ಮೆಯಾದರೂ ಹುಡುಗ ತನ್ನ ಮನೆಯಲ್ಲಿ ಹೇಳುವ ಪ್ರಾರ್ಥನೆಯನ್ನು ಮನೆಯ ಭಾಷೆಯಲ್ಲೇ ತಂದು ಹೇಳಲಿ. ನಮ್ಮ ಧರ್ಮಪ್ರಾಂತ್ಯದಲ್ಲಿ ಕೊಂಕಣಿ, ಕನ್ನಡ, ಮರಾಠಿ, ಇಂಗ್ಲಿಷ್ ನಾಲ್ಕೂ ಭಾಷೆಯ ಜನ ಒಂದೇ ಪೀಠದ ಮುಂದೆ ಮಂಡಿಯೂರುತ್ತಾರೆ, ತರಗತಿಯಲ್ಲಿ ಮಾತ್ರ ಒಂದೇ ಭಾಷೆ ಏಕೆ?

ಇನ್ನೊಂದು ಮಾತು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ. ಶಾಲೆಯ ಆಡಳಿತ ಹೊತ್ತವರಿಗೆ ಇದು ಕಷ್ಟದ ಜಾಗ. 1983ರ ಧರ್ಮಸಭೆಯ ಕಾನೂನು ಸಂಹಿತೆ ಶಿಕ್ಷಣ ಸಂಸ್ಥೆಯ ಮುಖ್ಯಸ್ಥರು ತಮ್ಮೊಡನೆ ಅದೇ ಮನೆಯಲ್ಲಿ ವಾಸಿಸುವ ವಿದ್ಯಾರ್ಥಿಗಳ ಪಾಪನಿವೇದನೆಯನ್ನು, ಅವರಾಗಿಯೇ ಕೇಳಿಕೊಂಡ ಹೊರತು, ಕೇಳಬಾರದು ಎನ್ನುತ್ತದೆ. ಶಿಕ್ಷೆ ಕೊಡುವ ಕೈಗೂ ಗುಟ್ಟು ಕೇಳುವ ಕಿವಿಗೂ ನಡುವೆ ಅಂತರ ಇರಲೆಂದೇ ಈ ನಿಯಮ ಎಂದು ನಾನು ತಿಳಿದಿದ್ದೇನೆ. ನಿಮ್ಮ ನೋಟ್‌ಬುಕ್ಕಿಗೂ ಇದರಿಂದ ಒಂದು ದಾರಿ ಸಿಕ್ಕೀತು.

ಗಣಿತದವನು

ಗಣಿತವನ್ನು ಎರಡು ಸಲ ಬೈದದ್ದರಿಂದ ನಾನು ಬರೆಯಲೇಬೇಕಾಗಿದೆ. ದಿನಕ್ಕೆ ಐದು ನಿಮಿಷದಂತೆ 220 ದಿನಕ್ಕೆ 1,100 ನಿಮಿಷ, ಅಂದರೆ ನಲವತ್ತು ನಿಮಿಷದ ಇಪ್ಪತ್ತೇಳೂವರೆ ಪೀರಿಯಡ್. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ ಎಷ್ಟು ಬಂತು ಎಂದು ಕೇಳುವವರು ಪೋಷಕರೇ ಹೊರತು, ಎಷ್ಟು ಹೊತ್ತು ಮೌನವಾಗಿದ್ದ ಎಂದು ಕೇಳುವವರನ್ನು ನಾನು ಕಂಡಿಲ್ಲ. ಆದರೂ ಒಂದನ್ನು ಒಪ್ಪುತ್ತೇನೆ. 2023–24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಬಂದ ಮೇಲೆ, ಒಂದು ಸಲ ಜಾರಿದರೆ ಬದುಕೇ ಮುಗಿಯಿತು ಎಂಬ ಭಯಕ್ಕೆ ಕಾರಣ ಉಳಿದಿಲ್ಲ. ಆದರೆ ಹುಡುಗರ ಮುಖದಲ್ಲಿ ಭಯ ಹಾಗೆಯೇ ಇದೆ. ಲೆಕ್ಕ ತಪ್ಪಿರುವುದು ಎಲ್ಲೋ ಬೇರೆ ಕಡೆ ಇರಬೇಕು.

ಆಪ್ತಸಮಾಲೋಚಕಿ

ನಾನು ವಾರಕ್ಕೆ ಎರಡು ದಿನ ಎರಡು ಶಾಲೆಗಳಿಗೆ ಹೋಗುತ್ತೇನೆ. ಎರಡರಲ್ಲಿ ಒಂದು ಬಾಲಕರದು. ಹುಡುಗಿಯರು ಎದುರು ಕುರ್ಚಿಯಲ್ಲಿ ಕುಳಿತು ಮಾತಾಡುತ್ತಾರೆ. ಹುಡುಗರನ್ನು ಹಾಗೆ ಕೂರಿಸಿದರೆ ಅದು ಅವರಿಗೆ ಮುಖ್ಯಗುರುಗಳ ಕೋಣೆಯಂತೆ ಕಾಣುತ್ತದೆ. ನಾನು ಅವರೊಡನೆ ಮೈದಾನದ ಅಂಚಿನಲ್ಲಿ ನಡೆಯುತ್ತೇನೆ, ಇಲ್ಲವೇ ಚೆಂಡುಗಳ ಚೀಲವನ್ನು ಕೋಣೆಗೆ ಒಯ್ಯುವ ಕೆಲಸಕ್ಕೆ ಜೊತೆಯಾಗುತ್ತೇನೆ. ಪಕ್ಕದಲ್ಲಿ ನಡೆಯುವಾಗ ಮುಖ ನೋಡುವ ಕಷ್ಟ ಇರುವುದಿಲ್ಲ. ಮಾತು ಸಾಮಾನ್ಯವಾಗಿ ಕೋಣೆಯ ಬೀಗ ಹಾಕುವ ಹೊತ್ತಿಗೆ ಬರುತ್ತದೆ.

ಮಾಸ್ತರರೇ, ಪುಸ್ತಕಗಳನ್ನು ಓದಬೇಡಿ. ಐದು ನಿಮಿಷ ಮುಗಿದ ಮೇಲೆ ಅದು ಹುಡುಗನ ಚೀಲದಲ್ಲೇ ಇರಲಿ. ಹೇಳಬೇಕಾದದ್ದು ಇದ್ದವನಿಗೆ ಬೇರೆ ದಾರಿ ಇರಲಿ: ಹಾಳೆ ಹರಿದು, ಮಡಚಿ, ಹೆಸರು ಬರೆದು ಹಾಕಲು ಒಂದು ಬೀಗದ ಪೆಟ್ಟಿಗೆ. ಅದನ್ನು ಯಾರು, ಎಂದು ತೆರೆಯುತ್ತಾರೆ ಎಂಬುದು ಎಲ್ಲ ಹುಡುಗರಿಗೂ ಗೊತ್ತಿರಬೇಕು. ಯಾರಿಗೂ ಹೇಳುವುದಿಲ್ಲ ಎಂದು ಮಾತ್ರ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯದ ವಿಷಯ ತಿಳಿದುಬಂದರೆ 2012ರ ಪೋಕ್ಸೋ ಕಾಯ್ದೆಯ 19ನೆಯ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು. ನಿನಗೆ ಅಪಾಯವಿದೆ ಎಂದು ಕಂಡರೆ ನಿನ್ನನ್ನು ಉಳಿಸಲು ಬೇಕಾದವರಿಗೆ ಮಾತ್ರ ಹೇಳುತ್ತೇನೆ, ಹೇಳುವ ಮೊದಲು ನಿನಗೆ ತಿಳಿಸುತ್ತೇನೆ: ಮೊದಲ ದಿನವೇ ಇಷ್ಟನ್ನು ಹೇಳಿಬಿಟ್ಟರೆ ಹುಡುಗರು ಒಪ್ಪುತ್ತಾರೆ. ನಿಮ್ಮ ವಿದ್ಯಾರ್ಥಿಗೆ ನೋವಾದದ್ದು ವಿಷಯ ತಿಳಿದದ್ದಕ್ಕಲ್ಲ, ತನಗೆ ಗೊತ್ತಿಲ್ಲದೆ ಅದು ಚಹಾದ ಜೊತೆ ಹಂಚಿಹೋದದ್ದಕ್ಕೆ.

ಹಳೆಯ ವಿದ್ಯಾರ್ಥಿಗಳು ಬರೆದ ಬೆತ್ತದ ಬಗ್ಗೆ ಒಂದು ಮಾತು. ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. 2014ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದು ಎಂದಿತು. ಹಾಗಾದರೆ ಹೊಡೆಯಬಹುದು ಎಂದು ನನಗೆ ಒಬ್ಬರು ಶಿಕ್ಷಕರು ಗಂಭೀರವಾಗಿಯೇ ವಾದಿಸಿದ್ದರು. ಮಗುವಿನ ಹೊಣೆ ಹೊತ್ತವರು ಕ್ರೌರ್ಯ ಎಸಗಿದರೆ ಶಿಕ್ಷಿಸಲು 2015ರ ಬಾಲನ್ಯಾಯ ಕಾಯ್ದೆಯ 75ನೆಯ ಕಲಮು ಇದೆ, ಅದಕ್ಕೆ ಶಾಲೆ ಯಾರದೆಂಬ ಭೇದವಿಲ್ಲ.

ನಿಮ್ಮ ಕೈಮೀರಿದ್ದು ಕಂಡಾಗ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮಗೆ ಹತ್ತಿರವೇ ಇದೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್‌ನ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ಈ ಎರಡು ಸಂಖ್ಯೆಗಳನ್ನು ಸೂಚನಾ ಫಲಕದಲ್ಲಿ ಮಾತ್ರ ಬರೆದರೆ ಯಾರೂ ನಿಂತು ಬರೆದುಕೊಳ್ಳುವುದಿಲ್ಲ, ನಾಲ್ಕು ಜನರ ಎದುರು ನಿಲ್ಲಬೇಕಲ್ಲ. ಪ್ರತಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅಚ್ಚು ಮಾಡಿಸಿ.

ಖಾನಾಪುರದ ತಾಯಿ

ಫಾದರ್, ನೀವು ಬರೆದ ಮನ್ರೇಸಾದ ಪ್ರಸಂಗವನ್ನು ಮಗನಿಗೆ ಓದಿ ಹೇಳಿದೆ. ಸಂತರಿಗೂ ಹಾಗೆ ಅನಿಸಿತ್ತೇ ಎಂದು ಎರಡು ಸಲ ಕೇಳಿದ. ಅವನು ಯಾಕೆ ಎರಡು ಸಲ ಕೇಳಿದ ಎಂದು ನಾನು ಈಗ ಯೋಚಿಸುತ್ತಿದ್ದೇನೆ. ಅಕ್ಕಾವರೇ, ನೀವು ಹೇಳಿದಂತೆ ಇವತ್ತು ಸಂಜೆ ಹಾಲು ತರಲು ಅವನನ್ನು ಜೊತೆಗೆ ಕರೆದುಕೊಂಡು ನಡೆದುಕೊಂಡೇ ಹೋಗುತ್ತೇನೆ.

ಆಪ್ತಸಮಾಲೋಚಕಿ

ಹೋಗಿ ತಾಯಿ. ಬದುಕುವುದೇ ಬೇಡ ಅನ್ನಿಸಿದೆಯಾ ಎಂದು ನೇರವಾಗಿ ಕೇಳಲು ಹೆದರಬೇಡಿ. ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದು ಎಂದರೆ ಅವನನ್ನು ಒಂಟಿಯಾಗಿ ಬಿಡದೆ ಕೂಡಲೇ 14416ಕ್ಕೆ ಕರೆ ಮಾಡಿ. ನನಗೂ ಇಲ್ಲಿಯೇ ಖಾಸಗಿಯಾಗಿ ಬರೆಯಿರಿ, ನಾನು ನೋಡುತ್ತಿರುತ್ತೇನೆ.

ಕನ್ನಡ ಮಾಸ್ತರ

ಎಲ್ಲರಿಗೂ ನಮಸ್ಕಾರ. ಎರಡು ವಾರ ಬರೆಯಲಿಲ್ಲ, ಏಕೆಂದರೆ ಮೊದಲು ಮಾಡಬೇಕಾದ ಕೆಲಸ ಇತ್ತು. ಖಾನಾಪುರದ ತಾಯಿಯವರು ಮಗನೊಡನೆ ಧಾರವಾಡಕ್ಕೆ ಹೋಗಿಬಂದ ಸುದ್ದಿಯನ್ನು ಅವರೇ ತಿಳಿಸಿದರು. ಅದಕ್ಕಿಂತ ಹೆಚ್ಚಿನದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಷ್ಟನ್ನು ಕಲಿತಿದ್ದೇನೆ.

ನನ್ನ ತರಗತಿಯ ಆ ಡಬ್ಬಿಯ ಹುಡುಗನ ಕ್ಷಮೆ ಕೇಳಿದೆ. ಕಪ್ಪುಹಲಗೆ ಒರೆಸುವ ಕೆಲಸಕ್ಕೆ ಅವನನ್ನು ನಿಲ್ಲಿಸಿಕೊಂಡು, ಅವನು ಒಂದು ಬದಿ, ನಾನು ಇನ್ನೊಂದು ಬದಿ ಒರೆಸುತ್ತ, ನನಗೆ ಬರುವ ಮುರುಕು ಮರಾಠಿಯಲ್ಲೇ ಕೇಳಿದೆ. ನೀನು ಬರೆದದ್ದನ್ನು ನಾನು ಬೇರೆಯವರಿಗೆ ಹೇಳಬಾರದಿತ್ತು, ತಪ್ಪಾಯಿತು ಎಂದೆ. ಅವನು ಒರೆಸುವುದನ್ನು ನಿಲ್ಲಿಸಲಿಲ್ಲ. ಕೊನೆಗೆ, ಸರ್, ನಿಮ್ಮ ಮರಾಠಿಯಲ್ಲಿ ಎರಡು ತಪ್ಪಿವೆ ಎಂದ. ಅವನ ಮನೆಯ ವಿಷಯದಲ್ಲಿ ನಮ್ಮ ಫಾದರ್ ಅವನ ಒಪ್ಪಿಗೆ ಕೇಳಿಕೊಂಡೇ ಅವನ ತಾಯಿಯನ್ನು ಕಂಡು ಮಾತಾಡಿದ್ದಾರೆ. ಡಬ್ಬಿ ಈಗ ಅರ್ಧ ಖಾಲಿಯಾಗುತ್ತಿದೆ.

ಸಮಿತಿಯಲ್ಲಿ ಪುಸ್ತಕ ಓದುವುದನ್ನು ಬಿಟ್ಟೆವು, ಬೀಗದ ಪೆಟ್ಟಿಗೆ ಬಂತು, ಬೀಗದ ಕೈ ಆಪ್ತಸಮಾಲೋಚಕರ ಬಳಿ ಇರುತ್ತದೆ. ಪೋಷಕರ ಸಭೆ ಕರೆದು ಒಪ್ಪಿಗೆ ಕೇಳಿದೆವು. ಮೂವರು ಬೇಡ ಎಂದರು, ಅವರ ಮಕ್ಕಳು ಆ ಹೊತ್ತಿನಲ್ಲಿ ಗ್ರಂಥಾಲಯದಲ್ಲಿ ಕುಳಿತುಕೊಳ್ಳಬಹುದು. ಧರ್ಮೋಪದೇಶದ ಪೀರಿಯಡ್ ಹತ್ತನೆಯ ತರಗತಿಯಲ್ಲೂ ಉಳಿಯಿತು, ಇದಕ್ಕೆ ನಮ್ಮ ಗಣಿತದ ಶಿಕ್ಷಕರ ಮುಖ ಸ್ವಲ್ಪ ಗಂಟಾಗಿದೆ. ಶಿಕ್ಷಕರೂ ಆ ಐದು ನಿಮಿಷ ತಮ್ಮ ಪುಸ್ತಕದಲ್ಲಿ ಬರೆಯಬೇಕೆಂದು ಫಾದರ್ ಹೇಳಿದ್ದಾರೆ. ನಾನು ಮೊದಲ ದಿನ ಎರಡು ಸಾಲು ಬರೆದು ಪೆನ್ನು ಕಚ್ಚುತ್ತ ಕುಳಿತಿದ್ದೆ.

ಒಂದು ವಿಷಯ ಯಾರಿಗೂ ಹೊಳೆದಿರಲಿಲ್ಲ, ಏಳನೆಯ ಸಾಲಿನ ಹುಡುಗನೊಬ್ಬ ಹೇಳಿದ. ಕೊನೆಯ ಪೀರಿಯಡ್‌ನಲ್ಲಿ ಹಳ್ಳಿಯ ಕಡೆಯ ಹುಡುಗರ ಕಣ್ಣು ಗಡಿಯಾರದ ಮೇಲಿರುತ್ತದೆ. ನಾಲ್ಕೂ ಹತ್ತರ ಬಸ್ಸು ತಪ್ಪಿದರೆ ಮುಂದಿನದಕ್ಕೆ ಒಂದು ತಾಸು ನಿಲ್ಲಬೇಕು, ಆ ಹೊತ್ತಿನಲ್ಲಿ ಯಾವ ದೇವರನ್ನು ನೆನೆಯುವುದು ಸರ್ ಎಂದ. ಸೋಮವಾರದಿಂದ ಮೌನವನ್ನು ಮಧ್ಯಾಹ್ನದ ಊಟದ ನಂತರಕ್ಕೆ ಹಾಕಿದ್ದೇವೆ.